ಎಲೆಯ ಬೆನ್ನಿನವರ ಹೆಸರು

ಮಣ್ಣು, ನೀರು ಬಿಟ್ಟರೆ ಮಿಕ್ಕ ಯಾವುದಕ್ಕೂ ಹೆಸರಿಲ್ಲದ ಕಾಲವೊಂದಿತ್ತಂತೆ. ಆಗ ಬೆಟ್ಟದ ಮೇಲಿನ ಅಮ್ಮ ಒಂದು ಬೆಳಗ್ಗೆ ಮೊರದ ತುಂಬ ಹೆಸರು ಹೊತ್ತುಕೊಂಡು ಕಂಬಂ ಕಣಿವೆಗೆ ಇಳಿದು ಬಂದಳಂತೆ. ಆನೆ ಬಂತು, ತನ್ನದನ್ನು ತಗೊಂಡು ಹೋಯಿತು. ಎತ್ತು ಬಂತು, ತಗೊಂಡಿತು. ಕಾಗೆ ಎರಡು ಬೇಕೆಂದು ಹಟ ಹಿಡಿದು ಬೈಸಿಕೊಂಡು, ಸಿಕ್ಕಿದ ಒಂದನ್ನೇ ಎರಡೆರಡು ಸಲ ಕೂಗಿಕೊಂಡು ಹಾರಿಹೋಯಿತು. ಹೊತ್ತು ಇಳಿಯುವಾಗ ಮೊರ ಖಾಲಿಯಾಗಿತ್ತು. ಅಮ್ಮ ಅದನ್ನು ಕೊಡವಿ ಎದ್ದು ನಿಂತಳು. ಆಗ ಒಂದು ಎಲೆಯ ಕೆಳಗಿನಿಂದ ಸೂಜಿಯ ಮೊನೆಯಷ್ಟು ದೊಡ್ಡ ಜೀವವೊಂದು ಎಂಟು ಕಾಲಲ್ಲಿ ಓಡೋಡಿ ಬಂತು. ಇಷ್ಟು ಹೊತ್ತು ಎಲ್ಲಿ ಹಾಳಾಗಿದ್ದೆ ಎಂದು ಅಮ್ಮ ಕೇಳಿದಳು. ಎಲೆಯ ಬೆನ್ನಿಗೆ ಕಾವಲಿದ್ದೆ ತಾಯೀ, ಕರೆದದ್ದು ಕೇಳಿಸಲಿಲ್ಲ ಎಂದಿತು ಅದು. ಅಮ್ಮನಿಗೆ ಮರುಕವಾಯಿತು. ಆದರೆ ಇಲ್ಲದ್ದನ್ನು ಎಲ್ಲಿಂದ ಕೊಡುವುದು? ಕಾವಲು ಬಿಡಬೇಡ, ನಿನ್ನ ಹೆಸರನ್ನು ಹೊತ್ತುಕೊಂಡು ಒಂದಲ್ಲ ಒಂದು ದಿನ ಯಾರಾದರೂ ಬರುತ್ತಾರೆ ಎಂದು ಹೇಳಿ ಬೆಟ್ಟ ಹತ್ತಿಬಿಟ್ಟಳು.

ಕತೆ ಅಲ್ಲಿಗೇ ನಿಂತಿತ್ತು. ಹೇಳಿದವಳು ಅಳಗಮ್ಮಾಳ್, ಕಲೈಸೆಲ್ವಿಯ ಅಪ್ಪನ ತಾಯಿ. ಮೊಮ್ಮಗಳ ಬಾಯಲ್ಲಿ ಅಪ್ಪತ್ತಾ. ಕಲೈಸೆಲ್ವಿಯನ್ನು ಬೆಳೆಸಿದ್ದೇ ಅಪ್ಪತ್ತಾಳ ಕತೆಗಳು. ಆದರೆ ಈ ಕತೆ ಹಳೆಯದಲ್ಲ. ಹೋದ ಪೊಂಗಲ್‌ಗೆ ಹನುಮಂತನಪಟ್ಟಿಯಲ್ಲಿ ಅಪ್ಪತ್ತಾ ಇರುವ ಸೋದರತ್ತೆಯ ಮನೆಗೆ ಹೋಗಿದ್ದಾಗ ಕಲೈಸೆಲ್ವಿ ದ್ರಾಕ್ಷಿ ಪಂದಲಿನಿಂದ, ಅಂದರೆ ಚಪ್ಪರದಿಂದ, ಒಂದೆಲೆ ಕಿತ್ತು, ತಿರುವಿ, ಲೆನ್ಸು ಹಿಡಿದು ಅಪ್ಪತ್ತಾಗೆ ತೋರಿಸಿದ್ದಳು. ದ್ರಾಕ್ಷಿ ಎಲೆಯ ಬೆನ್ನಲ್ಲಿ ನರಗಳು ಕವಲೊಡೆಯುವ ಸಂದಿಗಳಲ್ಲಿ ಕೂದಲಿನ ಸಣ್ಣ ಪೊದೆಗಳಿರುತ್ತವೆ. ಅಂಥ ಒಂದು ಪೊದೆಯಿಂದ ಬೆವರಿನ ಹನಿಯಂತೆ ಹೊಳೆಯುವ ನುಸಿಯೊಂದು ಹೊರಬಿದ್ದು ಇನ್ನೊಂದು ಪೊದೆಗೆ ನುಗ್ಗಿತು. ಇದು ಎಲೆಯ ರಸ ಹೀರುವ ಜಾತಿಯಲ್ಲ, ರಸ ಹೀರುವ ಕೆಂಪು ನುಸಿಯನ್ನು ಹಿಡಿದು ತಿನ್ನುವ ಬೇಟೆಯ ನುಸಿ ಎಂದು ಕಲೈಸೆಲ್ವಿ ವಿವರಿಸಿದಳು. ಕಣ್ಣೆಲ್ಲಿ ಎಂದು ಅಪ್ಪತ್ತಾ ಕೇಳಿದಳು. ಕಣ್ಣೇ ಇಲ್ಲ, ಮುಂಗಾಲೆರಡನ್ನು ಕೋಲಿನಂತೆ ಚಾಚಿ ತಡಕುತ್ತ, ಕಚ್ಚಿಸಿಕೊಂಡ ಎಲೆಯ ವಾಸನೆ ಹಿಡಿದು ಬೇಟೆಗೆ ಹೋಗುತ್ತದೆ. ಹಾಗಾದರೆ ಹೆಸರೇನು ಎಂದಾಗ ಮಾತ್ರ ಕಲೈಸೆಲ್ವಿ ತಡವರಿಸಿದಳು. ಕತೆ ಹುಟ್ಟಿದ್ದು ಅವತ್ತು ಸಂಜೆ.

ಕತೆಯಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆಯಾದದ್ದು ಕಣ್ಣಮ್ಮಾಳ್ ಅತ್ತೆ ಅದನ್ನು ನಂಬಿದ್ದರಿಂದ. ಬೇಟೆಯವರು ಇದ್ದಾರಲ್ಲ ಎಂದು ಅವರು ಬಾವಿಯ ಕಡೆಯ ಮೂರು ಸಾಲಿಗೆ ಮರುಂದು, ಅಂದರೆ ನುಸಿ ಕೊಲ್ಲುವ ಔಷಧಿ, ಹೊಡೆಯಲು ಗಂಡ ರಾಮರ್ ಮಾಮನಿಗೆ ಬಿಡಲಿಲ್ಲ. ಆ ಮೂರು ಸಾಲು ಅತ್ತೆಯೇ ನೆಟ್ಟು, ನೀರು ಕಟ್ಟಿ, ಪಂದಲಿಗೆ ಹತ್ತಿಸಿದ ಬಳ್ಳಿ. ಪಂಗುನಿ ತಿಂಗಳ ಬಿಸಿಲು ಏರಿದ್ದೇ, ಊರಿನವರು ಸೆಂಬೇನು ಎನ್ನುವ ಆ ಕೆಂಪು ನುಸಿ ಪಕ್ಕದ ತೋಟಗಳಲ್ಲಿ ಬಲೆ ಕಟ್ಟತೊಡಗಿತು. ಈ ಮೂರು ಸಾಲಿನಿಂದಲೇ ಇಡೀ ಪಂದಲು ಹಾಳಾಗುತ್ತದೆ ಎಂದು ರಾಮರ್ ಮಾಮ ಹಗಲೆಲ್ಲ ಹೇಳಿ, ಕೊನೆಗೆ ದಿಂಡಿಗಲ್‌ನಲ್ಲಿದ್ದ ಕಲೈಸೆಲ್ವಿಗೇ ಫೋನು ಮಾಡಿ, ಮನೆಯವರ ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು.

"ಹೆಸ್ರೇ ಗೊತ್ತಿಲ್ದಿರೋದ್ನ ನಂಬಿ ಎಂಗೆ ಕೂತಿರೋದು, ಸೆಲ್ವಿ? ನೀ ಓದಿರೋ ಕೂಸು ತಾನೆ. ಅದೇನು, ತಿನ್ನೋದು ಏನ, ಸರಿಯಾ ಹೇಳು, ಬಿಟ್ಟುಡ್ತೀನಿ. ಮುಂದಿನ್ ವಾರ ಬಿಟ್ಟು ಅದ್ರ ಮುಂದಿನ್ ವೆಳ್ಳಿಕ್ಕಿಳಮೆವರೆಗೂ ನೋಡ್ತೀನಿ. ಅಪ್ಪುರ ಮರುಂದು ಹೊಡೆಯೋದೆ."

ಅವರು ಸಿಟ್ಟಿನಿಂದ ಹೇಳಿದ್ದಲ್ಲ. ಅದೇ ಕಷ್ಟವಾದದ್ದು. ಆ ಶುಕ್ರವಾರದೊಳಗೆ ಹೆಸರು ತರುತ್ತೇನೆ ಎಂದು ಕಲೈಸೆಲ್ವಿ ಮಾತು ಕೊಟ್ಟಳು. ಎರಡು ವಾರವಿತ್ತು.

ದಿಂಡಿಗಲ್‌ನ ಒಂದು ಕಾಲೇಜಿನ ಕೀಟಶಾಸ್ತ್ರ ಲ್ಯಾಬಿನಲ್ಲಿ ಅವಳು ಮೂರು ವರ್ಷದಿಂದ ಸಹಾಯಕಿ. ನುಸಿ ಕೀಟವೇ ಅಲ್ಲ, ಜೇಡ ಉಣ್ಣೆಗಳ ಬಳಗದ್ದು. ಆದರೂ ಬೇರೆ ಜಾಗವಿಲ್ಲದೆ ಕೀಟಗಳ ಬೀರುವಿನ ಕೆಳಗಿನ ಖಾನೆಯಲ್ಲಿ ಅವುಗಳ ಸ್ಲೈಡುಗಳು ಇರುತ್ತಿದ್ದವು. ಇಡೀ ದಿನ ಬಗ್ಗಿ ನೋಡಿ ನೋಡಿ ಅವಳ ಕತ್ತಿನ ಹಿಂದೆ ಒಂದು ನೋವು ಕಾಯಂ ಮನೆ ಮಾಡಿತ್ತು. ಬಸ್ಸಿನಲ್ಲಿ ಕಣ್ಣು ಮುಚ್ಚಿದರೂ ಬಿಳಿಯ ಬೆಳಕಿನ ವೃತ್ತವೊಂದು ರೆಪ್ಪೆಯ ಒಳಗಡೆ ತೇಲುತ್ತಿತ್ತು.

ನಲವತ್ತು ಎಲೆ ಕಿತ್ತು ಕಾಗದದ ಚೀಲದಲ್ಲಿ ಹಾಕಿ ಕೊಡಿ ಎಂದು ಅತ್ತೆಗೆ ಹೇಳಿದಳು. ದಿಂಡಿಗಲ್‌ಗೆ ಹೊರಟಿದ್ದ ನೆಂಟರೊಬ್ಬರ ಕೈಯಲ್ಲಿ ಮೂರನೆಯ ದಿನ ಚೀಲ ಬಂತು. ತೆರೆದು ನೋಡಿದರೆ ನಲವತ್ತು ಎಲೆಯೂ ಒಂದರ ಮೇಲೊಂದು ಒಪ್ಪವಾಗಿ ಅಡಕಿ, ಬಾಳೆನಾರಿನಲ್ಲಿ ಕಟ್ಟಿತ್ತು. ಪ್ರತಿಯೊಂದರ ತೊಟ್ಟೂ ಚಿವುಟಿತ್ತು. ಮೊದಲ ಎಲೆಯನ್ನು ಮಗುಚಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಏನೂ ಇಲ್ಲ. ಎರಡನೆಯದು, ಹತ್ತನೆಯದು, ಇಪ್ಪತ್ತನೆಯದು. ಧೂಳಿನ ಕಣವೂ ಇಲ್ಲ. ಸಂದಿಯ ಕೂದಲುಗಳು ಎಣ್ಣೆ ಹಚ್ಚಿ ಬಾಚಿದಂತೆ ಒಂದೇ ಕಡೆಗೆ ಮಲಗಿದ್ದವು.

ನಾರು ಕಟ್ಟಿದ ಗಂಟು ನೋಡಿದಾಗಲೇ ಅವಳಿಗೆ ಅರ್ಥವಾಗಬೇಕಿತ್ತು. ಅಪ್ಪತ್ತಾ ಹುಟ್ಟಿ ಬೆಳೆದದ್ದು ಚಿನ್ನಮನೂರಿನ ವೀಳ್ಯದೆಲೆ ತೋಟದಲ್ಲಿ. ಅವರ ಮನೆಯಲ್ಲಿ ಎಲೆಯ ಬೆನ್ನು ಒರೆಸದೆ, ತೊಟ್ಟು ಚಿವುಟದೆ ಒಬ್ಬರ ಕೈಗೆ ಕೊಡುವುದೆಂದರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಅವಮಾನ. ಅತ್ತೆ ಕಿತ್ತು ತಂದು ಜಗಲಿಯ ಮೇಲಿಟ್ಟು ಒಳಗೆ ಹೋಗಿದ್ದರು. ಅಪ್ಪತ್ತಾ ಸುಮ್ಮನೆ ಕೂತಿದ್ದವಳು ಕೈ ಖಾಲಿ ಇದೆಯಲ್ಲ ಎಂದು ಸೆರಗಿನ ತುದಿಯಿಂದ ನಲವತ್ತೂ ಎಲೆ ಒರೆಸಿ ಇಟ್ಟಿದ್ದಳು. ಕತೆಯಲ್ಲಿ ಕಾವಲಿಗೆ ಇಟ್ಟವರನ್ನೆಲ್ಲ ತನ್ನ ಕೈಯಿಂದಲೇ ಗುಡಿಸಿ ಹಾಕಿದ್ದಳು.

"ಒರ್ಸಿದೆ ಕಣ್ಣು," ಎಂದಳು ಅಪ್ಪತ್ತಾ ಫೋನಿನಲ್ಲಿ, ಮೊಮ್ಮಗಳನ್ನು ಮುದ್ದಾಗಿ ಕರೆದು, ಹೊಗಳಿಕೆಗೆ ಕಾದವಳಂತೆ. "ದೂಳು ದೂಳಾಗಿತ್ತು. ನಿಮ್ ದೊಡ್ಡೋರ ಕೈಗೆ ಹೋಗೋ ಎಲೆ. ಹಂಗೇ ಕೊಟ್ರೆ ನಮ್ ಮನೇನ ಏನಂದ್ಕೋತಾರೆ?"

ಕಲೈಸೆಲ್ವಿ ಚೆನ್ನಾಗಿತ್ತು ಅಪ್ಪತ್ತಾ ಎಂದಳು. ಬೈಯಲು ಬೇಕಾದಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. ಫೋನು ಇಟ್ಟ ಮೇಲೆ ಚಿವುಟಿದ ತೊಟ್ಟುಗಳನ್ನು ಬೆರಳಿನಿಂದ ಸವರಿದಳು.

ಭಾನುವಾರ ತಾನೇ ಹೋದಳು. ಬತ್ತಲಗುಂಡು, ಪೆರಿಯಕುಳಂ, ತೇನಿ, ಮೂರು ಗಂಟೆಯ ಮೇಲಿನ ದಾರಿ. ನಿಂತೇ ಹೋದದ್ದು ಅರ್ಧ. ಪಂದಲಿನ ಕೆಳಗೆ ಹಸಿರು ನೆರಳಿತ್ತು. ಕತ್ತು ಮೇಲೆತ್ತಿ ಎಲೆ ಎಲೆ ನೋಡುತ್ತ, ಒಂದೆರಡೇ ಕೂದಲುಳಿದ ಕುಂಚದ ತುದಿಯಿಂದ ನುಸಿಗಳನ್ನು ಎತ್ತಿ ಆಲ್ಕೋಹಾಲಿನ ಸೀಸೆಗೆ ಇಳಿಸಿದಳು. ಕೆಂಪು ನುಸಿಯ ಮೊಟ್ಟೆ ಉರುಟು, ಇವರ ಮೊಟ್ಟೆ ಉದ್ದನೆಯದು. ಹುಡುಕುವುದಕ್ಕೆ ಅದೊಂದು ಗುರುತು. ಮೊಟ್ಟೆಯಿಂದ ಬಂದ ಮರಿಗೆ ಆರೇ ಕಾಲು, ಮೊದಲ ಪೊರೆ ಕಳಚಿದ ಮೇಲೆ ಎಂಟು. ಅತ್ತೆ ಏಣಿ ಹಿಡಿದು ನಿಂತು, ಸಿಕ್ಕಿತಾ ಎಂದು ಹತ್ತು ಸಲ ಕೇಳಿದರು. ರಾಮರ್ ಮಾಮ ಒಂದು ಸಲ ಬಂದು ನೋಡಿ, ಅವಳ ಕಾಲ ಹತ್ತಿರ ಎಳನೀರು ಇಟ್ಟು ಹೋದರು. ಸಂಜೆಯ ತನಕ ದುಡಿದರೂ ಹನ್ನೊಂದೇ ಸಿಕ್ಕಿದವು.

ಸೋಮವಾರ ಲ್ಯಾಬಿನಲ್ಲಿ ಒಂದೊಂದನ್ನೇ ಆಮ್ಲದಲ್ಲಿ ನೆನೆಸಿ ಪಾರದರ್ಶಕ ಮಾಡಿ, ಸ್ಲೈಡಿನ ಮೇಲೆ ಒಂದು ಹನಿ ಅಂಟಿನಲ್ಲಿ ಮಲಗಿಸಿದಳು. ನುಸಿಯ ಹೆಸರು ಇರುವುದು ಅದರ ಕೂದಲಿನಲ್ಲಿ. ಬೆನ್ನ ಫಲಕದ ಮೇಲೆ ಇಪ್ಪತ್ತನಾಲ್ಕು ಜೊತೆಗಿಂತ ಕಡಿಮೆ ಕೂದಲಿದ್ದರೆ ಎಲೆಯ ಮೇಲೆ ಬೇಟೆಯಾಡುವ ಕುಟುಂಬ ಎಂದು ನಂಬಬಹುದು. ಯಾವ ಕೂದಲು ಉದ್ದ, ಯಾವುದು ಗಿಡ್ಡ ಎಂದು ಅಳೆದರೆ ಕುಲ ಗೊತ್ತಾಗುತ್ತದೆ. ಕೊನೆಯ ಮಾತು ಹೇಳಲು ಮಾತ್ರ ಹೆಣ್ಣೇ ಬೇಕು. ಅವಳ ಹೊಟ್ಟೆಯೊಳಗೆ, ಮೂರನೆಯ ನಾಲ್ಕನೆಯ ಕಾಲುಗಳ ಬುಡದ ಹತ್ತಿರ, ಗಂಡಿನ ಬೀಜವನ್ನು ಕೂಡಿಡುವ ಒಂದು ಬಟ್ಟಲಿರುತ್ತದೆ. ಅದರ ಆಕಾರ ಕಂಡ ಮೇಲೆಯೇ ಹೆಸರು. ಗಂಡಿನ ಬೆನ್ನು ನೋಡಿ ಅನುಮಾನ ಪಡಬಹುದು, ಆಣೆ ಇಡಲಾಗದು. ಹನ್ನೊಂದರಲ್ಲಿ ಏಳು ಮರಿ. ಮೂರು ಗಂಡು. ಒಂದೇ ಒಂದು ಹೆಣ್ಣು.

ಆ ಒಂದರ ಮೇಲೆ ಕವರ್ ಗ್ಲಾಸ್ ಇಳಿಸುವಾಗ ಗಾಳಿಯ ಗುಳ್ಳೆಯೊಂದು ಸಿಕ್ಕಿಕೊಂಡಿತು, ಸರಿಯಾಗಿ ಆ ಬಟ್ಟಲಿರುವ ನಾಲ್ಕನೆಯ ಕಾಲಿನ ಬುಡದ ಮೇಲೆ. ಅವಳು ಕಣ್ಣು ಮುಚ್ಚಿದಳು. ಬಿಳಿ ವೃತ್ತ ಅಲ್ಲೂ ಇತ್ತು.

ಲ್ಯಾಬಿನ ಹಿರಿಯರಾದ ಪಾಂಡಿಯರಾಜನ್ ಸರ್ ಚಹಾ ಲೋಟ ಹಿಡಿದು ಬಂದು ನೋಡಿದರು. ಒಳ್ಳೆಯ ಮನುಷ್ಯ, ಅವರೂ ಇಪ್ಪತ್ತೈದು ವರ್ಷ ಬಗ್ಗಿ ನೋಡಿ ದಣಿದವರು. ಓವನ್‌ನಲ್ಲಿಟ್ಟರೆ ಗುಳ್ಳೆ ತಾನಾಗಿ ಹೋದರೂ ಹೋದೀತು, ಒಂದು ವಾರ ಬೇಕು ಎಂದರು. ನಾಲ್ಕೇ ದಿನ ಉಳಿದಿದೆ ಎಂದಳು. ಹಾಗಾದರೆ ಹತ್ತಿರದ ಒಂದು ಹೆಸರು ಬರೆದು ಕಳಿಸು, ಹಳ್ಳಿಯಲ್ಲಿ ಯಾರು ಕೂದಲು ಎಣಿಸುತ್ತಾರೆ ಎಂದು ತಮಿಳಿನಲ್ಲಿ ಮೆಲ್ಲಗೆ ಹೇಳಿ ಹೋದರು.

ಅವಳು ಅದನ್ನು ಅವತ್ತು ಸಂಜೆಯ ತನಕ ಯೋಚಿಸಿದಳು. ಒಂದು ಹೆಸರು ಹೇಳಿಬಿಟ್ಟರೆ ಮುಗಿಯಿತು. ಅತ್ತೆ ನಂಬುತ್ತಾರೆ, ಮಾಮ ಕೂಡ ನಂಬುತ್ತಾರೆ, ತಾನು ಭಾನುವಾರ ಇಡೀ ದಿನ ಮಲಗಬಹುದು. ಆದರೆ ಈ ಕುಟುಂಬದಲ್ಲಿ ಎಲ್ಲರೂ ಒಂದೇ ಥರ ಉಣ್ಣುವವರಲ್ಲ. ಯೂಸಿಯಸ್ ಕುಲದವರು ಮುಖ್ಯವಾಗಿ ಪರಾಗ ತಿಂದು ಬದುಕುವವರು, ಕೆಂಪು ನುಸಿಯ ಬಲೆಯೆಂದರೆ ಅವರಿಗೆ ಆಗದು. ನಿಯೋಸಿಯುಲಸ್ ಕುಲದ ಕೆಲವರು ಬಲೆಯೊಳಗೇ ನುಗ್ಗಿ ಮೊಟ್ಟೆ ಮರಿ ಸಮೇತ ತಿನ್ನುವವರು. ಹೊರಗೆ ನೋಡಿದರೆ ಇಬ್ಬರೂ ಬೆವರ ಹನಿಯೇ. ಪರಾಗದವರನ್ನು ಬೇಟೆಯವರೆಂದು ಹೇಳಿ ಕೂತರೆ ಈ ತಿಂಗಳೊಳಗೇ ಅತ್ತೆಯ ಮೂರು ಸಾಲು ತುಕ್ಕು ಹಿಡಿದಂತೆ ಒಣಗುತ್ತದೆ. ಆಮೇಲೆ ಆ ಮನೆಯಲ್ಲಿ ಅತ್ತೆಯ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಸ್ಲೈಡನ್ನು ಓವನ್‌ನಲ್ಲಿಟ್ಟಳು. ಮಂಗಳವಾರ ನೋಡಿದಳು, ಗುಳ್ಳೆ ಇತ್ತು. ಬುಧವಾರ ಇತ್ತು, ಆದರೆ ಚಿಕ್ಕದು. ಗುರುವಾರ ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಮನಸ್ಸೂ ಇಲ್ಲದೆ, ಸ್ಲೈಡು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಗುಳ್ಳೆ ಅಂಚಿಗೆ ಸರಿದಿತ್ತು. ಬೆನ್ನ ಕೂದಲನ್ನು ಮುಂದಿನಿಂದ ಹಿಂದಕ್ಕೆ ಎಣಿಸಿದಳು, ತಪ್ಪಿತೆಂದು ಮತ್ತೆ ಎಣಿಸಿದಳು. ಕೂದಲು ಉದ್ದ, ಒಂದರ ತುದಿ ಇನ್ನೊಂದರ ಬುಡವನ್ನು ದಾಟಿ ಚಾಚಿತ್ತು. ಆಮೇಲೆ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಬೆನ್ನು ಮಸುಕಾಗಿ, ಒಳಗಿನಿಂದ ಆ ಬಟ್ಟಲು ಮೇಲೆದ್ದು ಬಂತು. ಪುಸ್ತಕದ ಚಿತ್ರದ ಜೊತೆ ಹೋಲಿಸಿದಳು. ಪಾಂಡಿಯರಾಜನ್ ಸರ್ ಅವರನ್ನು ಕರೆದಳು. ಅವರು ಬಗ್ಗಿ ಬಹಳ ಹೊತ್ತು ನೋಡಿ, ತಲೆಯೆತ್ತದೆಯೇ, ಬರೆಯಮ್ಮಾ ಎಂದರು.

ಅವಳಿಗೆ ಖುಷಿಯಾಗಬೇಕಿತ್ತು. ಮೇಜಿನ ಮೇಲೆ ತೋಳಿಟ್ಟು ಅದರ ಮೇಲೆ ತಲೆಯಿಟ್ಟಳು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಕತೆಯ ಅಮ್ಮ ಹೇಳಿದ್ದು ಹೊತ್ತುಕೊಂಡು ಬರುತ್ತಾರೆ ಎಂದು. ಶುಕ್ರವಾರ ಮೊದಲ ಬಸ್ಸಿಗೆ ಹತ್ತಿದಳು. ಸ್ಲೈಡು ಡಬ್ಬಿಯಲ್ಲಿ, ಡಬ್ಬಿ ಮಡಿಲಲ್ಲಿ. ಪೆರಿಯಕುಳಂ ದಾಟುವಾಗ ನಿದ್ದೆ ಬಂದು ತಲೆ ಕಿಟಕಿಯ ಸರಳಿಗೆ ಬಡಿಯಿತು. ತೋಟಕ್ಕೆ ಬಂದಾಗ ರಾಮರ್ ಮಾಮ ಬಾವಿಯ ಹತ್ತಿರ ಮರುಂದಿನ ಡ್ರಮ್ಮಿಗೆ ನೀರು ಬಿಡುತ್ತಿದ್ದರು. ಅತ್ತೆ ಎದುರಿನ ಕಲ್ಲಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ಅಪ್ಪತ್ತಾಳನ್ನೂ ಯಾರೋ ಕರೆತಂದು ನೆರಳಲ್ಲಿ ಕೂರಿಸಿದ್ದರು.

ಊರಲ್ಲಿ ಕಲೈಸೆಲ್ವಿ ಸಾಮಾನ್ಯವಾಗಿ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ಇವತ್ತು ಮನೆಯ ಕನ್ನಡವೇ ಬಾಯಿಗೆ ಬಂತು, ತಡೆತಡೆದು.

"ನಿಯೋಸಿಯುಲಸ್ ಲಾಂಜಿಸ್ಪೈನೋಸಸ್, ಮಾಮ. ಉದ್ದ ಕೂದ್ಲೋರು ಅಂತ ಅರ್ಥ. ಆ ಕೂದ್ಲಿಂದ ತಾನೆ ಬಲೆ ಒಳ್ಗೆ ಹೋದ್ರೂ ಮೈಗೆ ಅಂಟಲ್ಲ. ಸೆಂಬೇನ್ನೇ ತಿಂತವೆ. ಮರುಂದು ಹೊಡೆದ್ರೆ ಮೊದ್ಲು ಸಾಯೋದು ಇವೇ."

"ಕಂಡಿಪ್ಪಾ?" ಖಂಡಿತವಾ ಎಂದು ಮಾಮ ಕೇಳಿದರು.

ಅವಳು ಡಬ್ಬಿ ತೆರೆದು ಸ್ಲೈಡನ್ನು ಅವರ ಕೈಗೆ ಕೊಟ್ಟಳು. ಗಾಜಿನ ನಡುವೆ ಏನೂ ಕಾಣುತ್ತಿರಲಿಲ್ಲ. ಮಾಮ ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಎರಡೂ ಕಡೆ ನೋಡಿ, ವಾಪಸು ಕೊಟ್ಟರು. ಆಮೇಲೆ ಹೋಗಿ ನೀರಿನ ಪೈಪನ್ನು ಡ್ರಮ್ಮಿನಿಂದ ತೆಗೆದು ಬಳ್ಳಿಯ ಬುಡಕ್ಕೆ ಬಿಟ್ಟರು. ಅತ್ತೆ ಕಲ್ಲಿನ ಮೇಲೆಯೇ ತಿರುಗಿ ಕೂತರು. ಊಟ ಆಯಿತಾ ಎಂದಷ್ಟೇ ಕಲೈಸೆಲ್ವಿಯನ್ನು ಕೇಳಿದರು.

ಕಲೈಸೆಲ್ವಿ ಅಪ್ಪತ್ತಾಳ ಪಕ್ಕ ನೆಲಕ್ಕೆ ಕುಸಿದಂತೆ ಕೂತಳು. ಅಪ್ಪತ್ತಾ ತಲೆಯ ಮೇಲಿನ ಬಳ್ಳಿಯಿಂದ ಒಂದೆಲೆಯನ್ನು, ಕೀಳದೆ, ಹತ್ತಿರಕ್ಕೆ ಬಗ್ಗಿಸಿದಳು. ಅಭ್ಯಾಸದಂತೆ ಅವಳ ಸೆರಗಿನ ತುದಿ ಎಲೆಯ ಬೆನ್ನಿನ ತನಕ ಬಂತು, ಅಲ್ಲಿ ನಿಂತಿತು, ಮಡಿಲಿಗೆ ಮರಳಿತು. ಎಲೆಯ ಬೆನ್ನನ್ನು ಮೊಮ್ಮಗಳ ಕಡೆ ತಿರುಗಿಸಿ ಹಿಡಿದಳು.

"ನನ್ಗಲ್ಲ," ಎಂದಳು. "ಅದ್ರ ಹತ್ರ ಹೇಳು."

ಕಲೈಸೆಲ್ವಿ ನೋಯುವ ಕತ್ತನ್ನು ಬಗ್ಗಿಸಿ, ನರಗಳ ಸಂದಿಯ ಆ ಪೊದೆಯ ಹತ್ತಿರ ಬಾಯಿ ತಂದು, ಹೆಸರನ್ನು ನಿಧಾನವಾಗಿ, ಒಂದು ಅಕ್ಷರವೂ ಬಿಡದೆ ಹೇಳಿದಳು.