ಹಲ್ಲಿಲ್ಲದ ದೆವ್ವಗಳು

ಲಿಫ್ಟ್ ರಿಪೇರಿ ಮಾಡುವವನೇ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡ ಎಂದರೆ ಯಾರಿಗೆ ತಾನೇ ನಗು ಬರುವುದಿಲ್ಲ? ಲಿಫ್ಟಣ್ಣನಿಗೆ ಆದದ್ದು ಅದೇ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಕಟ್ಟಡದವರಿಗೆಲ್ಲ ಅವನು ಲಿಫ್ಟಣ್ಣ. ಊರಿನ ಅರ್ಧ ಲಿಫ್ಟುಗಳು ಅವನ ಕೈಗುಣದಿಂದಲೇ ಮೇಲೆ ಕೆಳಗೆ ಓಡಾಡುತ್ತಿದ್ದವು. ತಾನಿದ್ದ ಕಟ್ಟಡದ್ದು ಕೆಟ್ಟು ನಿಂತಾಗ ಮಾತ್ರ ‘ನಾಳೆ ನೋಡಿದರಾಯಿತು’ ಎನ್ನುತ್ತ ದಿನ ತಳ್ಳಿದ. ಆ ನಾಳೆ ಬರುವ ಮೊದಲೇ ಯಾರೋ ಒರೆಸಿ ಹೋಗಿದ್ದ ಒದ್ದೆ ಮೆಟ್ಟಿಲು ಕಾಲಡಿಗೆ ಬಂತು.

ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಮನೆಯಲ್ಲಿ ಕೂರುವುದೇನೋ ಸರಿ. ಆದರೆ ಎದುರು ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಅವರು ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಬಂದಿದ್ದರು. ಮದುವೆಯಾದಾಗಿನಿಂದ ಅತ್ತೆ-ಅಳಿಯರ ನಡುವೆ ನಡೆದಿದ್ದ ಮಾತನ್ನೆಲ್ಲ ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆದು ಮುಗಿಸಬಹುದಿತ್ತು. ‘ಊಟ ಆಯ್ತಾ?’, ‘ಆಯ್ತು, ನಿಮ್ದು?’, ‘ಆಯ್ತು.’ ಅತ್ತೆ ಬಹುವಚನದಲ್ಲಿ, ನಯವಾಗಿಯೇ ಮಾತಾಡಿಸುತ್ತಿದ್ದರು. ಆ ನಯ ಎಷ್ಟಿತ್ತೆಂದರೆ, ಬ್ಯಾಂಕಿನ ಕಿಟಕಿಯ ಹಿಂದೆ ಕೂತವರ ಹತ್ತಿರ ಮಾತಾಡಿದಂತಾಗುತ್ತಿತ್ತು ಅವನಿಗೆ. ತಾನೇನು ತಪ್ಪು ಮಾಡಿದೆನೋ ಎಂದು ಮೊದಮೊದಲು ತಲೆ ಕೆಡಿಸಿಕೊಂಡಿದ್ದ, ಆಮೇಲೆ ಬಿಟ್ಟುಬಿಟ್ಟಿದ್ದ.

ಅತ್ತೆಯ ಸ್ಥಿತಿಯೂ ಸುಖದ್ದಲ್ಲ. ಆಪರೇಷನ್ ಆದ ಕಣ್ಣಿನ ಮೇಲೆ ಪಟ್ಟಿ, ಇನ್ನೊಂದಕ್ಕೂ ಪೊರೆ ಬಂದು ಮಂಜು. ಹಳೆಯ ಕನ್ನಡಕ ಕೆಲಸಕ್ಕೆ ಬಾರದು, ಹೊಸದನ್ನು ಕಣ್ಣು ವಾಸಿಯಾದ ಮೇಲೆಯೇ ಮಾಡಿಸಬೇಕು. ಅಲ್ಲಿಯವರೆಗೆ ಸಣ್ಣ ಕೆಲಸ ಮುಟ್ಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಬುದ್ಧಿ ಬಂದಾಗಿನಿಂದ ಕೈಯಲ್ಲಿ ದಾರ ಹೆಣೆಯುವ ಕ್ರೋಶಾ ಕಡ್ಡಿ ಹಿಡಿದೇ ಇದ್ದ ಹೆಂಗಸು ಅವರು. ಈಗ ಬರಿಗೈಯಲ್ಲಿ ಕೂತು ಸೆರಗಿನ ಅಂಚನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದರು.

ಹೀಗಿರುವಾಗ ಒಂದು ಸಂಜೆ ಹೆಂಡತಿ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು. “ಅಮ್ಮಾ, ದೆವ್ವಗಳು ಎಲ್ಲಿಗೆ ಬಂದ್ವು ಅಂತ ಡಾಕ್ಟರಮ್ಮ ಕೇಳ್ತಿದ್ರು.”

“ದೆವ್ವಗಳಾ?” ಲಿಫ್ಟಣ್ಣ ಬೆಚ್ಚಿದ.

ಹೆಂಡತಿ ಮಕ್ಕಳ ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿ. ಅಲ್ಲಿಯ ಡಾಕ್ಟರಮ್ಮನಿಗೆ ಕಾಲಕ್ಕೆ ತಕ್ಕಂತೆ ಕ್ಲಿನಿಕ್ ಸಿಂಗರಿಸುವ ಹುಚ್ಚು. ಬೇಸಿಗೆಯಲ್ಲಿ ಕಿಟಕಿಯ ತುಂಬ ಮೀನುಗಳು, ಮಳೆಗಾಲದಲ್ಲಿ ಕೊಡೆ ಹಿಡಿದ ಕಪ್ಪೆಗಳು. ಚಳಿಗಾಲದ ಮಂಜು ಬೀಳುವ ಹೊತ್ತಿಗೆ ದೆವ್ವಗಳಿರಲಿ, ಅದೂ ಹಲ್ಲುಜ್ಜದೆ ಹಲ್ಲೆಲ್ಲ ಉದುರಿಹೋದ ಬೊಚ್ಚುಬಾಯಿಯ ದೆವ್ವಗಳು ಎಂದು ಅವರ ಆಸೆ. ಅಂಗೈಯಗಲದ, ಒಳಗೆ ಹತ್ತಿ ತುಂಬಿದ ಬಿಳಿ ದೆವ್ವಗಳನ್ನು ಹೆಣೆದು ಕೊಡುತ್ತೇನೆಂದು ಅತ್ತೆ ಆಪರೇಷನ್ನಿಗೆ ಮುಂಚೆ ಒಪ್ಪಿಕೊಂಡುಬಿಟ್ಟಿದ್ದರು.

“ಆಗಲ್ಲ ಅಂತ ಹೇಳ್ಬಿಡು,” ಎಂದರು ಅತ್ತೆ. ಸ್ವರ ಸಣ್ಣದಾಗಿತ್ತು. ಕೊಟ್ಟ ಮಾತು ತಪ್ಪಿ ಅವರಿಗೆ ಅಭ್ಯಾಸವಿರಲಿಲ್ಲ.

ಲಿಫ್ಟಣ್ಣನ ಬಾಯಿ ಅವನ ಅಪ್ಪಣೆಗೆ ಕಾಯಲಿಲ್ಲ. “ನಾನು ಹಾಕ್ಲಾ?”

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ನಗಲಿಲ್ಲ. ಅಳಿಯನಿದ್ದ ಕಡೆಗೆ ಮುಖ ತಿರುಗಿಸಿ, “ನಿಮ್ಮ ಕೈ ಕೊಡಿ ನೋಡೋಣ,” ಎಂದರು. ಗ್ರೀಸು, ಕಬ್ಬಿಣಗಳ ಜೊತೆ ಬೆಳೆದ ಆ ಕೈಯನ್ನು ತಡವಿ, ಒಂದೊಂದು ಬೆರಳನ್ನೂ ಮಡಚಿ ನೋಡಿ, “ಹಟ ಇದ್ರೆ ಆಗತ್ತೆ,” ಎಂದು ತೀರ್ಪು ಕೊಟ್ಟರು.

ಮರುದಿನ ಬೆಳಗ್ಗೆ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಪಾಠ ಶುರುವಾಯಿತು. ಬೆರಳಿಗೆ ದಾರ ಸುತ್ತಿ ಕುಣಿಕೆ ಮಾಡಬೇಕು, ಕಡ್ಡಿಯ ಮೂಗನ್ನು ಅದರೊಳಗೆ ತೂರಿಸಿ ದಾರ ಎಳೆದುಕೊಳ್ಳಬೇಕು, ಸುತ್ತು ಹಾಕುತ್ತ ಹೋಗಬೇಕು. ಮೊದಲು ದೆವ್ವದ ನೆತ್ತಿ, ಆಮೇಲೆ ನೇರವಾಗಿ ಮೈ, ಕೊನೆಗೆ ಲಂಗದ ಹಾಗೆ ಅಲೆಅಲೆಯಾದ ಅಂಚು. ಕೇಳಲು ಏನೂ ಅಲ್ಲ. ಕೈಗೆ ಹಚ್ಚಿದಾಗ ಮಾತ್ರ ಕಡ್ಡಿ ಒಂದು ಕಡೆ, ದಾರ ಇನ್ನೊಂದು ಕಡೆ, ನಾಲಿಗೆ ಹಲ್ಲುಗಳ ನಡುವೆ. ಐದು ನಿಮಿಷದಲ್ಲಿ ಅವನ ಹಣೆ ಬೆವರಿತು.

ಅವನು ಮಾಡಿದ್ದನ್ನು ಅತ್ತೆ ಕೈಗೆ ತೆಗೆದುಕೊಂಡು ಬೆರಳಿನಿಂದ ಓದುತ್ತಿದ್ದರು. “ಇಲ್ಲೊಂದು ಬಿಟ್ಟಿದೀರ. ಇಲ್ಲಿ ಒಂದೇ ತೂತಲ್ಲಿ ಮೂರು ಹಾಕಿದೀರ.” ಬಿಚ್ಚು. ಮತ್ತೆ ಹಾಕು. ಮತ್ತೆ ಬಿಚ್ಚು.

“ಅತ್ತೆ, ದೆವ್ವ ಅಲ್ವಾ, ಸ್ವಲ್ಪ ಸೊಟ್ಟ ಇದ್ರೇನು?”

“ಸೊಟ್ಟ ಇರ್ಲಿ, ತೊಂದ್ರೆ ಇಲ್ಲ. ಇದು ಕಲ್ಲಿನ ಹಾಗಿದೆಯಲ್ಲ! ಎಷ್ಟು ಬಿಗಿ ಮಾಡಿದೀರ! ಕಡ್ಡಿ ತೂರಕ್ಕೆ ಜಾಗ ಎಲ್ಲಿದೆ?” ಎಂದರು. ಅವನು ಮತ್ತೆ ಎಳೆಯುತ್ತಿದ್ದ ಸದ್ದು ಕಿವಿಗೆ ಬಿದ್ದದ್ದೇ ತಡ, ಕೂತಲ್ಲಿಂದಲೇ ಕೂಗಿದರು. “ಬಿಡೋ, ಬಿಡೋ! ಅದೇನು ಬೋಲ್ಟಾ? ಕತ್ತು ಹಿಸುಕ್ತಾ ಇದೀಯಲ್ಲೋ ಅದ್ರದ್ದು!”

ಬಹುವಚನ ಕೈಜಾರಿ ಹೋದದ್ದು ಅತ್ತೆಗೂ ತಿಳಿಯಿತು, ಅಳಿಯನಿಗೂ ತಿಳಿಯಿತು. ಇಬ್ಬರೂ ಅದನ್ನು ಹೆಕ್ಕಿಕೊಳ್ಳಲು ಹೋಗಲಿಲ್ಲ.

ಮೂರನೆಯ ದಿನಕ್ಕೆ ಮೊದಲ ದೆವ್ವ ಎದ್ದು ನಿಂತಿತು. ಹಳೆಯ ದಿಂಬಿನ ಹತ್ತಿಯನ್ನು ಹೊಟ್ಟೆಗೆ ತುರುಕಿ, ಕರಿ ದಾರದಲ್ಲಿ ಕಣ್ಣು ಹೊಲಿದು, ದೊಡ್ಡ ಸೊನ್ನೆಯಂಥ ಬಾಯಿ ಇಟ್ಟಿದ್ದಾಯಿತು. ಒಂದು ಕಣ್ಣು ಹಣೆಯ ಮೇಲೇರಿತ್ತು, ಇನ್ನೊಂದು ಕೆನ್ನೆಗಿಳಿದಿತ್ತು. “ಮುಖ ಹೇಗೆ ಬಂತು?” ಎಂದು ಅತ್ತೆ ಕೇಳಿದಾಗ, “ಲಕ್ಷಣವಾಗಿದೆ ಅತ್ತೆ,” ಎಂದು ಅವನು ಕಣ್ಣು ಮುಚ್ಚಿ ಸುಳ್ಳು ಹೇಳಿದ. ಹೆಂಡತಿ ಅದನ್ನು ಕ್ಲಿನಿಕ್ಕಿಗೆ ಒಯ್ದಳು. ಸಂಜೆ ಬರಿಗೈಯಲ್ಲಿ ಬಂದಳು.

“ಒಂದು ಹುಡುಗಿ, ಬಾಯೇ ತೆರೀತಿರ್ಲಿಲ್ಲ. ಕುರ್ಚಿ ನೋಡಿದ ತಕ್ಷಣ ಕಿರುಚಾಟ. ಡಾಕ್ಟರಮ್ಮ ದೆವ್ವ ತೋರಿಸಿ, ‘ನೋಡು, ಇದು ಎಷ್ಟು ದೊಡ್ಡದಾಗಿ ಬಾಯಿ ತೆರೆದಿದೆ’ ಅಂದ್ರು. ಇವಳು ಅದಕ್ಕಿಂತ ದೊಡ್ಡದಾಗಿ ತೆರೆದ್ಳು! ಹುಳುಕು ತೆಗೆದು ಸಿಮೆಂಟ್ ಹಾಕಿ ಮುಗಿಸಿದ್ದಾಯ್ತು. ಆದ್ರೆ ದೆವ್ವ ವಾಪಸ್ ಕೊಡಲ್ಲ ಅಂತ ಮನೆಗೇ ತಗೊಂಡು ಹೋದ್ಳು. ಡಾಕ್ಟರಮ್ಮ ಇನ್ನೂ ಜಾಸ್ತಿ ಬೇಕು ಅಂತಿದಾರೆ.”

ಲಿಫ್ಟಣ್ಣನ ಎದೆ ಉಬ್ಬಿತು. ಹದಿನಾಲ್ಕು ಮಹಡಿಯ ಲಿಫ್ಟನ್ನು ಮತ್ತೆ ಓಡಿಸಿದಾಗಲೂ ಯಾರೂ ಅವನಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಅಂದಿನಿಂದ ಕಡ್ಡಿಗೆ ಬಿಡುವಿಲ್ಲ. ಮೂರು, ನಾಲ್ಕು, ಐದು ದೆವ್ವಗಳಾದವು. ಆರನೆಯದರ ಸೊಂಟದ ಹತ್ತಿರ ಬಿಳಿ ದಾರ ಮುಗಿದುಹೋಯಿತು. ಮಧ್ಯಾಹ್ನ, ಅತ್ತೆ ಮಲಗಿದ್ದರು. ಅವರ ಚೀಲದಲ್ಲಿ ಕೈಯಾಡಿಸಿದ. ಕೆಂಪು, ಹಸಿರು, ಮತ್ತೆ ಕೆಂಪು. ತೀರಾ ತಳದಲ್ಲಿ ಒಂದು ಬಟ್ಟೆಯ ಗಂಟು, ಅದರೊಳಗೆ ಹಾಲಿನಂಥ ಬಿಳಿ ಉಣ್ಣೆ. ಉಂಡೆಯಲ್ಲ, ಅರ್ಧ ಹೆಣೆದು ಬಿಟ್ಟ ಏನೋ ಒಂದು. ಬೆನ್ನಿನಂಥದ್ದೊಂದು, ತೋಳಿನಂಥದ್ದೊಂದು. ತುದಿಯ ಕುಣಿಕೆ ಹೊರಗೇ ಇಣುಕುತ್ತಿತ್ತು. ಯಾವ ಕಾಲದ್ದೋ, ಯಾರಿಗೂ ಬೇಡವಾದದ್ದು ಇರಬೇಕು ಎಂದುಕೊಂಡು ಸ್ವಲ್ಪವೇ ಎಳೆದ. ಕ್ರೋಶಾದ ಗುಣವೇ ಅದು, ಒಂದು ಕುಣಿಕೆ ಬಿಟ್ಟರೆ ಸಾಕು, ಸರಸರನೆ ಬರುತ್ತದೆ. ಸಂಜೆಯ ಹೊತ್ತಿಗೆ ಆರನೆಯ ದೆವ್ವ ಮುಗಿಯಿತು. ಮುಂದಿನ ದಿನಗಳಲ್ಲಿ ತೋಳು ಪೂರಾ ಮಾಯವಾಗಿ ಇನ್ನೂ ನಾಲ್ಕು ದೆವ್ವಗಳಾದವು.

ಅತ್ತೆ ಎಂದಿನಂತೆ ಒಂದೊಂದನ್ನೂ ತಡವಿ ನೋಡಿದರು. ಆರನೆಯದನ್ನು ಮುಟ್ಟಿದಾಗ ಅವರ ಬೆರಳು ತುಸು ಹೊತ್ತು ಅಲ್ಲೇ ನಿಂತಿತ್ತು. “ಈಗ ಕೈ ಹದಕ್ಕೆ ಬಂದಿದೆ,” ಎಂದಷ್ಟೇ ಹೇಳಿದರು.

ಕೊನೆಗೂ ಹೊಸ ಕನ್ನಡಕ ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಮೊದಲು ಮಗಳ ಮುಖ ನೋಡಿದರು, ಆಮೇಲೆ ಕಿಟಕಿ, ಆಮೇಲೆ ಮೇಜಿನ ಮೇಲೆ ಸಾಲಾಗಿ ಕೂತಿದ್ದ ದೆವ್ವಗಳನ್ನು. ಒಂದಕ್ಕೆ ಮೆಳ್ಳೆಗಣ್ಣು, ಒಂದಕ್ಕೆ ಗೂನು, ಇನ್ನೊಂದು ಜಗಳಕ್ಕೆ ನಿಂತಂತೆ ಸೊಂಟ ಕೊಂಕಿಸಿತ್ತು. “ಲಕ್ಷಣವಾಗಿದೆ ಅಂದಿದ್ದೆಯಲ್ಲ!” ಎಂದು ಅತ್ತೆ ನಗಲು ಶುರುಮಾಡಿದವರು ಕಣ್ಣೊರೆಸಿಕೊಳ್ಳಲು ಕನ್ನಡಕವನ್ನೇ ತೆಗೆಯಬೇಕಾಯಿತು.

ಆ ನಗುವಿನ ಧೈರ್ಯದ ಮೇಲೆ ಲಿಫ್ಟಣ್ಣ ಬಾಯಿಬಿಟ್ಟ. “ಅತ್ತೆ, ಒಂದು ತಪ್ಪಾಗಿದೆ. ದಾರ ಮುಗಿದಿತ್ತು. ನಿಮ್ಮ ಚೀಲದ ತಳದಲ್ಲಿ ಅರ್ಧ ಹಾಕಿದ್ದು ಒಂದಿತ್ತಲ್ಲ...”

“ಗೊತ್ತು.”

“ಗೊತ್ತಾ?”

“ಬಿಚ್ಚಿದ ಉಣ್ಣೆ ಗುಂಗುರು ಗುಂಗುರಾಗಿರತ್ತೆ. ಪಟ್ಟಿ ಕಟ್ಟಿದ್ದು ಕಣ್ಣಿಗೆ, ಬೆರಳಿಗಲ್ಲ.”

“ಮತ್ತೆ ಬೈಲಿಲ್ಲ ಯಾಕೆ? ಅದು ಯಾರದ್ದು ಅತ್ತೆ?”

“ನಿಂದೇ.”

ಲಿಫ್ಟಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ಅತ್ತೆ ಒಂದು ದೆವ್ವವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು. “ನಿಮ್ಮ ಮದುವೆ ಆದ ವರ್ಷ ನಿಂಗೆ ಅಂತಲೇ ಸ್ವೆಟರ್ ಶುರು ಮಾಡಿದ್ದೆ. ಒಂದಿನ ಊಟಕ್ಕೆ ಕೂತಾಗ ನೀನು ಯಾರ ಹತ್ರನೋ ಹೇಳಿದೆ, ‘ಕೈಯಲ್ಲಿ ಹೆಣೆದ ಸ್ವೆಟರ್ ಹಾಕ್ಕೊಂಡ್ರೆ ಮೈಗೆ ಚೇಳು ಕಟ್ಟಿಕೊಂಡ ಹಾಗಿರತ್ತೆ’ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಹೋಗಿ ಗಂಟು ಕಟ್ಟಿಟ್ಟೆ.”

ಅವನಿಗೆ ಆ ಊಟವೂ ನೆನಪಿರಲಿಲ್ಲ, ಆ ಮಾತೂ ನೆನಪಿರಲಿಲ್ಲ. ನಗಿಸಲು ಆಡಿದ ಮಾತು, ಆಡಿದ ಕೂಡಲೇ ಮರೆತದ್ದು. ಅಷ್ಟು ವರ್ಷದ ‘ಊಟ ಆಯ್ತಾ’ಗಳು ಎಲ್ಲಿಂದ ಬಂದವೆಂದು ಈಗ ತಿಳಿಯಿತು. “ಗೊತ್ತಿದ್ರೆ ನಾಲಿಗೆ ಕಚ್ಚಿಕೊಳ್ತಿದ್ದೆ ಅತ್ತೆ,” ಎಂದ. ಅವನ ಧ್ವನಿ ನಿಜವಾಗಿಯೂ ಸಣ್ಣದಾಗಿತ್ತು.

“ಬಿಡು. ನಾನೂ ಬಾಯಿಬಿಟ್ಟು ಕೇಳಬಹುದಿತ್ತು. ಮೂಗಿನ ತುದಿಗೆ ಕೋಪ ಇಟ್ಕೊಂಡು ಕೂತೆ.” ಹಾಗೆಂದು ಅತ್ತೆ ದೆವ್ವದ ಹೊಟ್ಟೆ ಒತ್ತಿ ನೋಡಿದರು. “ಆ ತೋಳು ನಿಂಗೆ ಈಗ ಹೇಗೂ ಬಿಗಿ ಆಗ್ತಿತ್ತು. ಆಗ ನೀನು ತೆಳ್ಳಗಿದ್ದೆ.”

ಭಾನುವಾರ ಬೆಳಗ್ಗೆ ಕ್ಲಿನಿಕ್ಕಿಗೆ ರಜೆ. ಕಾಲಿನ ಪ್ಲಾಸ್ಟರ್ ಬಿಚ್ಚಿಯಾಗಿತ್ತು. ಮೂವರೂ ಹೋದರು. ಹೊರಗೆ ರಸ್ತೆಯ ಆಚೆ ಬದಿ ಕಾಣದಷ್ಟು ಮಂಜು. ದೆವ್ವಗಳನ್ನು ಒಂದೇ ದಾರಕ್ಕೆ ಪೋಣಿಸಿ ಕಿಟಕಿಯುದ್ದಕ್ಕೂ ಕಟ್ಟಿದರು. ಲಿಫ್ಟಣ್ಣ ಊರುಗೋಲು ಹಿಡಿದು ದಾರದ ತುದಿ ಎಳೆದ, ಅತ್ತೆ ಎದುರಿಗೆ ನಿಂತು, “ಎಡಕ್ಕೆ, ಇನ್ನೂ ಎಡಕ್ಕೆ, ನಿನ್ನೆಡಕ್ಕಲ್ಲ, ನನ್ನೆಡಕ್ಕೆ,” ಎಂದು ದಬಾಯಿಸಿದರು. ಸ್ಟೂಲು ಹತ್ತಿದ್ದ ಹೆಂಡತಿ ಇಬ್ಬರ ನಡುವೆ ಗಂಟು ಹಾಕಲಾರದೆ ಒದ್ದಾಡಿದಳು.

ಕಟ್ಟಿ ಮುಗಿಸಿದ ಮೇಲೆ ನೋಡಿದರೆ ಕೊನೆಯಲ್ಲಿ ಒಂದು ದೆವ್ವದಷ್ಟು ಜಾಗ ಖಾಲಿ ಉಳಿದಿತ್ತು.

“ಇನ್ನೊಂದು ಬೇಕು,” ಎಂದ ಲಿಫ್ಟಣ್ಣ. “ಅತ್ತೆ, ಆ ಬೆನ್ನಿನ ಭಾಗ ಇನ್ನೂ ಹಾಗೇ ಇದೆ. ಬಿಚ್ಚಲಾ?”

“ಕೈ ಹಚ್ಚಿದ್ರೆ ನೋಡು!” ಎಂದರು ಅತ್ತೆ. “ಅದಕ್ಕೆ ಹೊಸ ತೋಳು ಹಾಕ್ತೀನಿ. ಚುಚ್ಚಿದ್ರೆ ಒಳಗೆ ಅಂಗಿ ಹಾಕ್ಕೋ. ಆ ಜಾಗಕ್ಕೆ ಕೆಂಪು ದಾರದ್ದೊಂದು ಹೆಣಿ. ಒಂದು ದೆವ್ವ ನಾಚಿ ಕೆಂಪಾಗಿದೆ ಅಂತ ಮಕ್ಕಳಿಗೆ ಹೇಳಿದ್ರಾಯ್ತು.”