ಕಾಶಿರಾಮನ ಕಪ್ಪುಬಸಿ

ಶೇವಂತಾಬಾಯಿಗೆ ಐವತ್ತು ದಾಟಿತ್ತು. ಕಲ್ಯಾಣ ಪಟ್ಟಣದಲ್ಲಿ ಮದುವೆ ಇರಲಿ, ತೊಟ್ಟಿಲಿರಲಿ, ದೊಡ್ಡ ಹಂಡೆ ಒಲೆಗೇರಬೇಕೆಂದರೆ ಅವಳಿಗೇ ಕರೆ ಬರುತ್ತಿತ್ತು. ವಿಧವೆಯಾದ್ದರಿಂದ ಹಂದರದ ಕಡೆ ಸುಳಿಯುವಂತಿರಲಿಲ್ಲ, ಅಡುಗೆಗೆ ಮಾತ್ರ ಬೇಕಾಗಿದ್ದಳು. ಇಪ್ಪತ್ತೆರಡು ವರ್ಷ ಊರಿಗೆಲ್ಲ ಮಾಡಿ ಹಾಕಿದವಳು ತಾನು ಉಣ್ಣುತ್ತಿದ್ದುದು ಎಲ್ಲರದೂ ಆದ ಮೇಲೆ, ಹಂಡೆಯ ತಳದಲ್ಲಿ ಉಳಿದದ್ದನ್ನು, ಅದೂ ಆರಿದ ಮೇಲೆ.

ಬೇರೆಯವರ ಕೈಯಿಂದ ಅವಳಿಗೆ ಬಿಸಿಯಾಗಿ ಸಿಗುತ್ತಿದ್ದುದು ಒಂದೇ ಒಂದು. ಮನೆಯ ಪಕ್ಕದಲ್ಲಿ ಶಂಶುದ್ದೀನನ ರೊಟ್ಟಿಯ ಭಟ್ಟಿ ಇತ್ತು. ದಿನಾ ಮುಂಜಾನೆ ಅವನ ಹೆಂಡತಿ ವಜೀರಬಿ ಆಗಷ್ಟೇ ಭಟ್ಟಿಯಿಂದ ತೆಗೆದ ಕುಲ್ಚಾ ಒಂದನ್ನು ಗೋಡೆಯ ಮೇಲಿಂದ ಕೊಡುತ್ತಿದ್ದಳು. ಕೈ ಸುಡುವ ಅದನ್ನು ಮುರಿದು, ಹೊಮ್ಮುವ ಹಬೆಗೆ ಮುಖ ಕೊಟ್ಟು, ಶೇವಂತಾಬಾಯಿ ನಿಧಾನವಾಗಿ ತಿನ್ನುತ್ತಿದ್ದಳು. ದೀಪಾವಳಿ ಬಂತೆಂದರೆ ಓಣಿಯ ಹೆಂಗಸರೆಲ್ಲ ಹಿಟ್ಟು, ತುಪ್ಪ, ಸಕ್ಕರೆ ತಂದು ಅದೇ ಭಟ್ಟಿಯಲ್ಲಿ ನಾನಖಟಾಯಿ ಸುಡಿಸಿಕೊಂಡು ಹೋಗುತ್ತಿದ್ದರು.

ನಿಜಾಮನ ರಾಜ್ಯಕ್ಕೆ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರ ಶಂಶುದ್ದೀನ ಕಟ್ಟಿಗೆ ತರಲು ಹೋದವನು ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ವಜೀರಬಿ ಹನ್ನೊಂದು ದಿನ ಶೇವಂತಾಬಾಯಿಯ ಮನೆಯಲ್ಲಿದ್ದು, ಆಮೇಲೆ ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಂಟು ತಿಂಗಳು ಭಟ್ಟಿ ತಣ್ಣಗೇ ಇತ್ತು.

ಒಂದು ದಿನ ಶೇವಂತಾಬಾಯಿ ಗೋಡೆಯ ಮೇಲಿಂದ ಕೂಗಿದಳು: "ವಜೀರಬಿ, ಭಟ್ಟಿ ಹಚ್ಚು."

"ಯಾರ್ ತಗೋತಾರ ಅಕ್ಕಾ? ಮಂದಿ ನಮ್ಮ ಬಾಗಲ ಮುಂದ ಹಾಯೋದು ಬಿಟ್ಟಾರ."

"ನಾ ತಗೋತೀನಿ. ನಾ ಒಬ್ಬಾಕಿ ತಿಂದ್ರೂ ಹಚ್ಚು. ಎಂಟ್ ತಿಂಗಳಾತು, ಬಾಯಾಗ ರುಚಿ ಇಲ್ಲ."

ವಜೀರಬಿ ಅತ್ತಳು. ಮರುದಿನ ಭಟ್ಟಿಯ ಬೂದಿ ತೆಗೆದಳು.

ಮೊದಲ ವಾರ ಗಿರಾಕಿಗಳು ನಾಲ್ಕೇ ನಾಲ್ಕು. ಶೇವಂತಾಬಾಯಿ ಗೋಡೆಯಾಚೆ ತಿನ್ನುವುದನ್ನು ಬಿಟ್ಟು, ಓಣಿಗೆಲ್ಲ ಕಾಣುವಂತೆ ಭಟ್ಟಿಯ ಕಟ್ಟೆಯ ಮೇಲೆ ಕೂತು, ಕುಲ್ಚಾವನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನತೊಡಗಿದಳು. ಮೂರನೆಯ ದಿನವೇ ಮೈದುನ ದೇವಿದಾಸ ಎದುರಿಗೆ ಬಂದು ನಿಂತ. ಊರಿನ ಲಗ್ನಗಳ ಉಸ್ತುವಾರಿ ಅವನದು. ಶೇವಂತಾಬಾಯಿಗೆ ಅಡುಗೆಯ ಕರೆ ಬರುತ್ತಿದ್ದುದೂ ಅವನ ಮೂಲಕವೇ.

"ವೈನಿ, ಗಂಡಿಲ್ಲದಾಕಿ ಹಿಂಗ ಓಣ್ಯಾಗ ಕುಂತು ತಿನ್ನೋದು ಚಂದ ಕಾಣ್ತದೇನು? ಅದೂ ಇವರ ಮನೀದು!"

"ನೀ ಸಣ್ಣಾವಿದ್ದಾಗ ಇವರ ಮನೀ ಕುಲ್ಚಾಕ್ಕ ಅತ್ತು ರಂಪ ಮಾಡ್ತಿದ್ದಿ, ನೆನಪದ ಏನು? ಬಿಸಿ ಅದ. ತಿಂತೀ?"

"ಇನ್ನ ಮುಂದ ನಿನ್ನ ಯಾವ ಲಗ್ನಕ್ಕೂ ಕರಿಯೂದಿಲ್ಲ, ನೋಡ್ಕೋ."

"ಕರೀಬ್ಯಾಡ. ಕೈ ಹಗುರ ಆತು."

ದೇವಿದಾಸ ಹೇಳಿದಂತೆಯೇ ಮಾಡಿದ. ಆ ಬೇಸಿಗೆಯ ಒಂದು ಲಗ್ನಕ್ಕೂ ಅವಳಿಗೆ ಕರೆ ಬರಲಿಲ್ಲ. ಶೇವಂತಾಬಾಯಿ ಸೆರಗು ಬಿಗಿದು, ವಜೀರಬಿಯ ಪಕ್ಕದಲ್ಲಿ ಹಿಟ್ಟು ನಾದಲು ಕೂತಳು.

ಆದರೆ ಮೈದಾ ಮುಗಿಯಿತು. ಮೈದಾ ಸಿಗುವುದು ಹುಮನಾಬಾದಿನ ಕಂಟ್ರೋಲ್ ಅಂಗಡಿಯಲ್ಲಿ, ವಾರಕ್ಕೊಂದು ಚೀಲ, ಸಂತೆಯ ದಿನ. ಪರ್ಮಿಟ್ಟು ಶಂಶುದ್ದೀನನ ಹೆಸರಿನಲ್ಲಿತ್ತು. ಇಬ್ಬರೂ ಮುಂಜಾನೆಯ ಮೋಟಾರು ಹತ್ತಿ ಹುಮನಾಬಾದಿಗೆ ಹೋದರು. ಅಂಗಡಿಯ ಕಾರಕೂನ ಚೀಟಿ ನೋಡಿ, "ಯಾರ ಹೆಸರಲೆ ಅದನೋ ಅವರ ಬರಬೇಕು. ಗಂಡನ್ನ ಕರ್ಕೊಂಡು ಬಾ" ಅಂದ.

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ವಜೀರಬಿ ಚಾದರದ ಅಂಚು ಸರಿಸಿ ಅವನ ಮುಖ ನೋಡಿದಳು. "ನೀವು ಹುಡುಕಿ ಕೊಡ್ರಿ. ಕರ್ಕೊಂಡು ಬರ್ತೀನಿ."

ಕಾರಕೂನ ಚೀಟಿಯನ್ನು ಮೇಜಿನ ಮೇಲಿಟ್ಟು ಮುಂದಿನವನನ್ನು ಕರೆದ. ಮಧ್ಯಾಹ್ನದವರೆಗೂ ಅವರನ್ನು ನಿಲ್ಲಿಸಿಕೊಂಡು, ಕೊನೆಗೆ ಒಂದು ಚೀಲ ಕೊಟ್ಟ. ಅದನ್ನು ಹಮಾಲನೊಬ್ಬ ಮೋಟಾರು ನಿಲ್ಲುವ ಕಡೆಗೆ ಸಾಗಿಸಿದ. ಮೋಟಾರು ಬರಲು ಇನ್ನೂ ಎರಡು ತಾಸಿತ್ತು. ಇಬ್ಬರ ಹೊಟ್ಟೆಯೂ ಮುಂಜಾನೆಯಿಂದ ಖಾಲಿ.

ಎದುರಿಗೇ ಕಾಶಿರಾಮನ ಹೋಟೆಲು. ಕಾಯ್ದ ಎಣ್ಣೆಯಲ್ಲಿ ಪೂರಿ ಉಬ್ಬುವ ಸದ್ದು ರಸ್ತೆಗೆ ಕೇಳುತ್ತಿತ್ತು. ಗಾಜಿನ ಕಪಾಟಿನಲ್ಲಿ ಜಿಲೇಬಿ, ಬಾಲುಶಾಹಿ. ಮೆಣಸಿನಕಾಯಿ ಭಜಿಯ ಘಾಟಿಗೆ ಶೇವಂತಾಬಾಯಿಯ ಬಾಯಲ್ಲಿ ನೀರೂರಿತು.

"ನಡಿ, ಒಳಗ ಕುಂತು ತಿನ್ನೋಣ" ಅಂದಳು.

"ಹೆಂಗಸರು ಯಾರೂ ಇಲ್ಲಲ್ಲ ಅಕ್ಕಾ ಒಳಗ."

"ನಾವು ಹೋದ್ರ ಇರ್ತಾರ."

ಅವರು ಒಳಗೆ ಕಾಲಿಟ್ಟಾಗ ತಿನ್ನುತ್ತಿದ್ದ ಗಂಡಸರ ಕೈಗಳು ಹಾಗೆಯೇ ನಿಂತವು. ಗಲ್ಲೆಯ ಮೇಲೆ, ದುಡ್ಡಿನ ಪೆಟ್ಟಿಗೆಯ ಮುಂದೆ ಕೂತಿದ್ದ ಕಾಶಿರಾಮ, ಅಗಲ ಮುಖದ, ಸಣ್ಣ ದನಿಯ ಮನುಷ್ಯ, ಗಡಬಡಿಸಿ ಎದ್ದ. "ಬಾಯಾರ, ಇಲ್ಲಿ ಹೆಣ್ಮಕ್ಕಳು ಕೂಡೂದಿಲ್ರಿ. ಹೊರಗ ಬೇವಿನ ಗಿಡದ ಬುಡಕ್ಕ ಕೂಡ್ರಿ, ಎಲ್ಲಾ ಅಲ್ಲೇ ಕಳಸ್ತೀನಿ."

"ಸಾವಿರಾರು ಎಲಿಗೆ ಬಡಿಸೀನಿ ನಾ" ಎಂದು ಶೇವಂತಾಬಾಯಿ ಬೆಂಚಿನ ಮೇಲೆ ಕೂತಳು. "ಇವತ್ತು ನನ್ನ ಮುಂದ ಒಬ್ಬರು ಬಡಿಸಬೇಕು. ಪೂರಿ ಭಾಜಿ ಎರಡು, ಭಜಿ ಒಂದ ಪ್ಲೇಟು, ಚಾ ಎರಡು."

ಕಾಶಿರಾಮ ಮಾಣಿಗಳಿಗೆ ಕಣ್ಣಲ್ಲೇ ಬೇಡವೆಂದ. ಯಾರೂ ಏನೂ ತರಲಿಲ್ಲ. ಇಬ್ಬರೂ ಕೂತೇ ಇದ್ದರು. ತುಸು ಹೊತ್ತಾದ ಮೇಲೆ ಶೇವಂತಾಬಾಯಿ ಮೂಗೆತ್ತಿ ವಾಸನೆ ಹಿಡಿದಳು.

"ಮಾಲಕರ, ಒಳಗ ನಿಮ್ಮ ಭಾಜಿ ತಳ ಹತ್ತಾಕತ್ತದ. ಈಗ ಇಳಿಸಿದ್ರ ಉಳೀತದ."

ಕಾಶಿರಾಮ ನಂಬಲಿಲ್ಲ. ಆದರೆ ಮರುಗಳಿಗೆಯೇ ಒಳಗಿನಿಂದ ಅಡುಗೆಯವನು ಬೈದುಕೊಳ್ಳುವುದೂ ಪಾತ್ರೆ ಇಳಿಸಿದ ಸದ್ದೂ ಕೇಳಿತು. ಬೆಂಚುಗಳಿಂದ ನಗೆ ಎದ್ದಿತು. ರಾಜೇಶ್ವರದ ರೈತನೊಬ್ಬ, "ಕೊಡಪಾ ಕಾಶಿರಾಮ, ಬಾಯಿ ನಿನ್ನ ಭಾಜಿ ಉಳಸ್ಯಾಳ" ಅಂದ.

ಸೋತು ಕಾಶಿರಾಮ ತಟ್ಟೆ ಕಳಿಸಿದ. ಪೂರಿ ಇನ್ನೂ ಉಬ್ಬಿಕೊಂಡೇ ಇತ್ತು. ಶೇವಂತಾಬಾಯಿ ಅದರ ನೆತ್ತಿಗೆ ಬೆರಳು ಚುಚ್ಚಿದಳು. ಹಬೆ ಹೊರಬಂದು ಬೆರಳು ಚುರ್ ಅಂದಿತು. ಅವಳಿಗೆ ನಗು ಬಂತು. ಭಾಜಿಯಲ್ಲಿ ಉಪ್ಪು ಕಡಿಮೆ, ಎಣ್ಣೆ ನಿನ್ನೆಯದು; ಅಡುಗೆಯವಳಾಗಿ ಎಲ್ಲವೂ ತಿಳಿಯಿತು. ಆದರೂ ತಾನು ಏಳಬೇಕಾಗಿಲ್ಲ, ಯಾರಿಗೂ ಸಾಲದೆ ಬಂದೀತೆಂದು ಹೆದರಬೇಕಾಗಿಲ್ಲ ಎಂಬುದು ಪ್ರತಿ ತುತ್ತಿನಲ್ಲೂ ಸಿಹಿಯಾಗಿತ್ತು.

ಆಮೇಲೆ ಚಹಾ ಬಂತು. ಶೇವಂತಾಬಾಯಿಗೆ ಹೂವಿನ ಚಿತ್ರವಿದ್ದ ಪಿಂಗಾಣಿ ಕಪ್ಪುಬಸಿ. ವಜೀರಬಿಯ ಮುಂದೆ ಹಿತ್ತಲ ಮೊಳೆಗೆ ತೂಗುಹಾಕಿದ್ದ ತಗಡಿನ ಮಗ್ಗು.

ವಜೀರಬಿ ಆ ಮಗ್ಗನ್ನು ಹಿಡಿದು ಎದ್ದಳು. ನೇರ ಗಲ್ಲೆಗೆ ಹೋಗಿ ಅದನ್ನು ಕಾಶಿರಾಮನ ಮುಂದಿಟ್ಟಳು.

"ನಮ್ಮ ಭಟ್ಟೀ ರೊಟ್ಟೀನ ಕಲ್ಯಾಣದ ಪಾವು ಅಂತ ಆರು ವರ್ಷ ಈ ಹೋಟೆಲಿನ್ಯಾಗ ಮಾರೀರಿ. ಮುಂಜಾನಿ ಮೋಟಾರಿಗೆ ಬರ್ತಿತ್ತು. ಅದರ ಹಿಟ್ಟು ನಾದಿದ್ದು ಈ ಕೈ. ನಿಮ್ಮ ಗಿರಾಕಿ ತಿಂದಾರ, ನೀವೂ ತಿಂದೀರಿ. ಆವಾಗ ಮೈಲಿಗಿ ಆಗಲಿಲ್ಲ. ಈಗ ನಾ ಕುಡದ್ರ ನಿಮ್ಮ ಕಪ್ಪು ಕೆಡ್ತದೇನು?"

ವಜೀರಬಿ ಗಲ್ಲೆಯ ಪಕ್ಕ ಜೋಡಿಸಿಟ್ಟ ಸಾಲಿನಿಂದ ಕಪ್ಪುಬಸಿಯೊಂದನ್ನು ತಾನೇ ತೆಗೆದು ಮಗ್ಗಿನ ಪಕ್ಕದಲ್ಲಿಟ್ಟಳು. "ಇದರಾಗ ಹಾಕ್ರಿ."

ಕಾಶಿರಾಮ ಸುತ್ತ ನೋಡಿದ. ಯಾರೂ ಅವನ ಪರವಾಗಿ ಬಾಯಿ ತೆರೆಯಲಿಲ್ಲ, ಅವಳ ಪರವಾಗಿಯೂ ಇಲ್ಲ. ಬಸಿಗೆಲ್ಲ ಚೆಲ್ಲಿಕೊಂಡು ಚಹಾ ಹಾಕಿದ. ವಜೀರಬಿ ಬಂದು ಕೂತು, ಬಸಿಗೆ ಸುರಿದುಕೊಂಡು, ಊದಿ ಊದಿ, ಕೊನೆಯ ಹನಿಯವರೆಗೂ ಕುಡಿದಳು.

ಅವರು ಹೊರಗೆ ಬಂದು ಹತ್ತು ಹೆಜ್ಜೆ ಇಟ್ಟಿರಲಿಲ್ಲ, ಹಿತ್ತಲಲ್ಲಿ ಪಿಂಗಾಣಿ ಒಡೆದ ಸದ್ದು ಕೇಳಿತು. ವಜೀರಬಿ ನಿಂತುಬಿಟ್ಟಳು.

"ಕೇಳ್ದಿ ಅಕ್ಕಾ?"

"ಕೇಳ್ದೆ. ಒಡೀಲಿ ಬಿಡು. ಅವನ ಹತ್ರ ಎಷ್ಟ ಕಪ್ಪು ಅವ, ನಾವು ಎಷ್ಟ ಸಲ ಬರ್ತೀವಿ, ನೋಡೇ ಬಿಡೋಣ."

ಮುಂದಿನ ಸಂತೆಗೂ ಹೋದರು. ಕಾಶಿರಾಮ ಬೈದುಕೊಂಡು ಬಡಿಸಿದ, ಅವರು ಹೊರಟ ಮೇಲೆ ಕಪ್ಪು ಒಡೆದ. ಮೂರನೆಯ ವಾರ ಅವನೂ ಉಪಾಯ ಹೂಡಿದ: ಕಿವಿ ಮುರಿದ ಕಪ್ಪೊಂದನ್ನು ವಜೀರಬಿಗೆಂದೇ ತೆಗೆದಿಟ್ಟಿದ್ದ. ಶೇವಂತಾಬಾಯಿ ಅದನ್ನು ತನ್ನ ಮುಂದೆ ಎಳೆದುಕೊಂಡು ತನ್ನದನ್ನು ಗೆಳತಿಗೆ ಸರಿಸಿದಳು; ಅರ್ಧ ಕುಡಿದ ಮೇಲೆ ಇಬ್ಬರೂ ಮತ್ತೆ ಅದಲುಬದಲು ಮಾಡಿಕೊಂಡರು. ಯಾವುದನ್ನು ಒಡೆಯಬೇಕೆಂದು ತಿಳಿಯದೆ ಕಾಶಿರಾಮ ಎರಡನ್ನೂ ಒಡೆದ. ನಾಲ್ಕನೆಯ ವಾರ ಒಂದನ್ನೂ ಒಡೆಯಲಿಲ್ಲ. ಐದನೆಯ ವಾರ ಅವನ ಅಡುಗೆಯವನು ಹೊರಗೆ ಬಂದು, "ಬಾಯಾರ, ಇವತ್ತು ಉಪ್ಪು ಬರೋಬರಿ ಅದ ಏನ್ರಿ?" ಎಂದು ಕೇಳಿದ.

"ಉಪ್ಪು ಬರೋಬರಿ. ಎಣ್ಣಿ ಬದಲು ಮಾಡು" ಅಂದಳು ಶೇವಂತಾಬಾಯಿ.

ಗೆದ್ದೆವೆಂದು ಆ ದಿನ ಇಬ್ಬರೂ ಜಿಲೇಬಿ ತರಿಸಿ ತಿಂದರು. ನಿಜವಾದ ಪರೀಕ್ಷೆ ಬಂದದ್ದು ಆರನೆಯ ವಾರ.

ಬೇವಿನ ಗಿಡದ ಬುಡದಲ್ಲಿ ಹತ್ತಿರದ ಹಳ್ಳಿಯ ದ್ರೌಪತಿ ಕೂರುತ್ತಿದ್ದಳು. ಹೊಲೆಯರ ಕೇರಿಯವಳು, ಸಂತೆಗೆ ಕಟ್ಟಿಗೆ ಹೊತ್ತು ತಂದು ಮಾರುವವಳು. ಅವಳಂಥವರಿಗೆ ಕಾಶಿರಾಮನ ಚಹಾ ಮೇಲಿನಿಂದ ಸುರಿದದ್ದು, ತೆಂಗಿನ ಚಿಪ್ಪಿನಲ್ಲಿ. ಆ ದಿನ ದ್ರೌಪತಿ ಎದ್ದು, ಸೀರೆ ಕೊಡವಿಕೊಂಡು, ಬಾಗಿಲು ದಾಟಿ ಒಳಗೆ ಬಂದಳು. ಬಂದವಳು ಶೇವಂತಾಬಾಯಿ ಕೂತಿದ್ದ ಬೆಂಚಿನ ಮುಂದೆ ನಿಂತಳು. ಅಲ್ಲಿ ಒಬ್ಬರು ಕೂರುವಷ್ಟು ಜಾಗವಿತ್ತು, ಶೇವಂತಾಬಾಯಿ ತುಸು ಸರಿದರೆ.

"ಏ, ಹೊರಗ ನಡಿ!" ಕಾಶಿರಾಮ ಚೀರಿದ. ಐದಾರು ಗಂಡಸರು ಎದ್ದು ನಿಂತರು.

ದ್ರೌಪತಿ ಅವನ ಕಡೆ ನೋಡಲಿಲ್ಲ. ಶೇವಂತಾಬಾಯಿಯನ್ನು ನೋಡಿ ಹೇಳಿದಳು: "ಐದು ವಾರ ಹೊರಗ ಕುಂತು ನಿಮ್ಮನ್ನ ನೋಡೀನ್ರಿ ಬಾಯಿ. ಇವತ್ತು ತುಸು ಅತ್ತ ಸರೀರಿ ಅನ್ನಾಕ ಬಂದೀನಿ."

ತನ್ನ ಆಯುಷ್ಯದಲ್ಲಿ ಆ ಕೇರಿಯವರ ಪಕ್ಕದಲ್ಲಿ ಶೇವಂತಾಬಾಯಿ ಕೂತವಳಲ್ಲ. ಅವಳ ಅಡುಗೆಯ ಹಂಡೆಗಳ ಹತ್ತಿರ ಅವರು ಬಂದರೆ ಅವಳೇ ಗದರಿಸಿದ್ದಳು. ಕಾಶಿರಾಮನ ಮುಖದ ಮೇಲಿದ್ದ ಹೇಸಿಗೆ ತನ್ನೊಳಗೂ ಇದೆಯೆಂದು ತಿಳಿದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಮೈ ಅಲುಗಲಿಲ್ಲ. ವಜೀರಬಿ ಅವಳನ್ನೇ ನೋಡುತ್ತಿದ್ದಳು.

ಶೇವಂತಾಬಾಯಿ ಸರಿದಳು.

ದ್ರೌಪತಿ ಕೂತಳು. ಎದ್ದು ನಿಂತಿದ್ದವರಲ್ಲಿ ನಾಲ್ವರು ಹೊರಗೆ ನಡೆದರು. ಒಬ್ಬ ಬಾಗಿಲ ತನಕ ಹೋಗಿ, ತಟ್ಟೆಯಲ್ಲಿ ಉಳಿದ ತನ್ನ ಜಿಲೇಬಿ ನೋಡಿ, ತಿರುಗಿ ಬಂದು ಗೋಡೆಯ ಕಡೆ ಮುಖ ಮಾಡಿ ಕೂತ.

"ನನ್ನ ಹೋಟೆಲ್ ಮುಳುಗಸಬೇಕಂತ ಗಂಟು ಬಿದ್ದೀರೇನು ಮೂರೂ ಮಂದಿ?" ಕಾಶಿರಾಮನ ಸಣ್ಣ ದನಿ ಇನ್ನೂ ಸಣ್ಣಗಾಗಿತ್ತು.

"ಮುಳುಗಸಾಕ ಅಲ್ರಿ, ತಿನ್ನಾಕ ಬಂದೀನಿ" ಅಂದಳು ದ್ರೌಪತಿ. "ಭಜಿ ಕೊಡ್ರಿ. ಬಿಸೀವು."

ಕಾಶಿರಾಮ ಗಲ್ಲೆ ಬಿಟ್ಟು ಕದಲಲಿಲ್ಲ. ತಟ್ಟೆ ತಂದವನು ಅಡುಗೆಯವನು. ಮಾಲಕನ ಕಡೆ ನೋಡದೆ ತಂದಿಟ್ಟು, ನೋಡದೆಯೇ ಒಳಗೆ ಹೋದ. ದ್ರೌಪತಿ ಮೊದಲ ಭಜಿ ಕಚ್ಚಿದಳು. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡು ಎರಡನೆಯದನ್ನು ಎತ್ತಿಕೊಂಡಳು. ಅವಳ ಮೊಣಕೈ ಶೇವಂತಾಬಾಯಿಯ ತೋಳಿಗೆ ತಾಗಿತು. ಶೇವಂತಾಬಾಯಿ ತೋಳು ಹಿಂದೆ ತೆಗೆದುಕೊಳ್ಳಲಿಲ್ಲ. ತುಸು ಹೊತ್ತಿನ ಮೇಲೆ, "ಪೂರಿ ತಗೋ. ಭಜಿಗಿಂತ ಪೂರಿ ಚಲೋ ಮಾಡ್ತಾರ ಇಲ್ಲಿ" ಅಂದಳು.

ಮುಂದಿನ ಸಂತೆಯ ದಿನ ಕಲ್ಯಾಣದ ಮೋಟಾರು ಬಂದು ನಿಂತದ್ದೇ ತಡ, ಕಾಶಿರಾಮ ಹೋಟೆಲಿನ ಬಾಗಿಲು ಎಳೆದು ಒಳಗಿನಿಂದ ಅಗಳಿ ಹಾಕಿದ. ಶೇವಂತಾಬಾಯಿ, ವಜೀರಬಿ, ದ್ರೌಪತಿ ಮೂವರೂ ಮೆಟ್ಟಿಲ ಮೇಲೆ ಕೂತರು. ದ್ರೌಪತಿಯ ಜೊತೆಗೆ ಅವಳ ನಾದಿನಿಯೂ ಬಂದಿದ್ದಳು. ಬಿಸಿಲು ಏರಿತು. ಸಂತೆಯ ಗಿರಾಕಿಗಳು ಬಂದು, ಮುಚ್ಚಿದ ಬಾಗಿಲು ನೋಡಿ, ಹೆಂಗಸರನ್ನು ನೋಡಿ, ಅಲ್ಲಲ್ಲೇ ನಿಂತರು. ರಾಜೇಶ್ವರದ ಆ ರೈತ ಮೊದಲು ಬಾಗಿಲು ಬಡಿದ. "ಲೇ ಕಾಶಿರಾಮ, ಇವರಿಗೆ ಹಾಕ್ತಿಯೋ ಬಿಡ್ತಿಯೋ, ನಮಗರೆ ಚಾ ಹಾಕು!"

"ನಮಗೂ ಹಾಕ್ತಾನ" ಅಂದಳು ವಜೀರಬಿ ಕೂತಲ್ಲಿಂದಲೇ.

ಹಿಂದಿನಿಂದ ಇನ್ನೂ ಯಾರ್ಯಾರೋ ಬಡಿದರು. ಒಳಗೆ ಅಗಳಿ ಸರಿದ ಸದ್ದಾಯಿತು. ಬಾಗಿಲು ಒಂದು ಗೇಣು ತೆರೆದು ಕಾಶಿರಾಮನ ಬೆವರಿದ ಮುಖ ಕಂಡಿತು. ಅವನು ಮೆಟ್ಟಿಲ ಮೇಲಿನ ನಾಲ್ವರನ್ನು ನೋಡಿದ, ಅವರ ಹಿಂದೆ ನಿಂತ ಮಂದಿಯನ್ನು ನೋಡಿದ.

"ಎಷ್ಟು ಪ್ಲೇಟು?" ಎಂದು ಕೇಳಿದ.

"ನಾಕು" ಎಂದು ಶೇವಂತಾಬಾಯಿ ಎದ್ದು, ಬಾಗಿಲನ್ನು ಪೂರ್ತಿ ತಳ್ಳಿ, ಮೂವರನ್ನೂ ಮುಂದೆ ಬಿಟ್ಟುಕೊಂಡು ಒಳಗೆ ನಡೆದಳು.