ಪುಟ ಸೊನ್ನೆ ಸೊನ್ನೆ

ಗಂಡನ ಶವಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟ ಮೇಲಿನ ಮೊದಲ ಬೆಳಿಗ್ಗೆ ಅವಳು ಮೂರು ಲೋಟ ಚಹಾ ಸೋಸಿದಳು. ಮೂರನೆಯದನ್ನು ಅತ್ತೆ ತಮ್ಮ ಲೋಟಕ್ಕೆ ಸುರಿದುಕೊಂಡರು.

“ಇವತ್ತೇ ಹೋಗ್ಬೇಕಾ?”

“ಐದು ಗಂಟೆಗೆ ಗಡುವು, ಅತ್ತೆ. ತಪ್ಪಿದ್ರೆ ಅವರಿಗೆ ಪದವಿ ಇಲ್ಲ. ಏಳು ವರ್ಷ ಬರೆದದ್ದೆಲ್ಲ ನೀರುಪಾಲು.”

ಹಳೆಯ ಕಾಲುವೆಗಳ ಬಗ್ಗೆ ಗಂಡ ಬರೆದ ಪ್ರಬಂಧ ಮೂರು ಸಲ ವಾಪಸಾಗಿತ್ತು. ಒಮ್ಮೆ ಇಸವಿ ಕಂಸದ ಹೊರಗಿತ್ತೆಂದು, ಒಮ್ಮೆ ಒಳಗಿತ್ತೆಂದು. ಅದನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ಗುಮಾಸ್ತರಿಗೆ ಸಂಶೋಧಕರು ಇಟ್ಟ ಹೆಸರು ಚುಕ್ಕೆ ಮಾವ.

ನಾಲ್ಕು ಗಂಟೆಗೆ ಕಚೇರಿಯಲ್ಲಿ ಚುಕ್ಕೆ ಮಾವನ ಬೆರಳು ಒಂದು ಅಡಿಟಿಪ್ಪಣಿಯ ಮೇಲೆ ನಿಂತಿತು. ‘ಪು. 00’. ಪುಟಸಂಖ್ಯೆಗಳನ್ನು ಕೊನೆಗೆ ತುಂಬುವುದು ಗಂಡನ ಅಭ್ಯಾಸ, ಇದೊಂದು ಉಳಿದುಬಿಟ್ಟಿತ್ತು.

“ಇದನ್ನ ಬಿಟ್ರೆ ನನ್ನ ತಲೆಗೆ ಬರತ್ತಮ್ಮ. ಲೈಬ್ರರಿ ಪುಸ್ತಕ ಹಿಂತಿರುಗಿಸಿದ ಚೀಟಿನೂ ಬೇಕು.”

“ಈ ಟಿಪ್ಪಣಿಲಿರೋದೂ ಅದೇ ಪುಸ್ತಕ. ಚೀಲದಲ್ಲಿದೆ.”

“ಕೂತು ಹುಡುಕಿ ಮತ್ತೆ. ಗಡಿಯಾರ ನನ್ನ ಮಾತು ಕೇಳಲ್ಲ.”

ಅವಳು ಸಾಲು ಸಾಲಾಗಿ ಕಣ್ಣಾಡಿಸಿದಳು. ಅರ್ಧ ಗಂಟೆ ಕಳೆದರೂ ಗಂಡ ಉದ್ಧರಿಸಿದ್ದ ವಾಕ್ಯ ಅಚ್ಚಿನಲ್ಲಿ ಸಿಗಲಿಲ್ಲ. ಸಿಕ್ಕಿದ್ದು ತೊಂಬತ್ತಮೂರನೇ ಪುಟದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಅವನ ಓರೆ ಅಕ್ಷರದಲ್ಲಿ: ಕಾಲುವೆ ಬತ್ತಿದ ಮೇಲೂ ಜನ ಅದರ ದಂಡೆಯ ಮೇಲೇ ನಡೆಯುತ್ತಾರೆ. ತಾನೇ ಬರೆದದ್ದನ್ನು ಎಂದೋ ನಕಲು ಮಾಡಿಕೊಂಡು, ಲೇಖಕರ ಮಾತೆಂದೇ ನಂಬಿಬಿಟ್ಟಿದ್ದ.

“ತೊಂಬತ್ಮೂರು ಅಂತ ಹಾಕಿ, ಮುಗೀತು,” ಎಂದರು ಚುಕ್ಕೆ ಮಾವ, ದನಿ ತಗ್ಗಿಸಿ.

“ಬೇಡ. ಉದ್ಧರಣ ಚಿಹ್ನೆ ತೆಗೀತೀನಿ. ಟಿಪ್ಪಣಿನೂ. ಇದು ಅವರದೇ ಮಾತು.”

“ಅವರದೇ ಅನ್ನೋಕೆ ಆಧಾರ?”

ಅವಳು ಪುಸ್ತಕದ ಅಂಚನ್ನೂ ಅವನ ಕೈಬರಹದ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟಳು. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಕೊನೆಗೆ ತಪ್ಪು ಮುಚ್ಚುವ ಬಿಳಿ ಬಣ್ಣದ ಸೀಸೆಯನ್ನು ಅವಳತ್ತ ತಳ್ಳಿದರು. ಅವಳು ಬಳಿದಳು. ಪಕ್ಕದಲ್ಲಿ ಅವರು ರುಜು ಹಾಕಿದರು.

“ಓಡಿ. ಚೀಟಿ ತನ್ನಿ.”

ಲೈಬ್ರರಿಯ ಹುಡುಗಿ ಪುಟಗಳನ್ನು ಸರಸರ ತಿರುವಿದಳು. “ಪೆನ್ಸಿಲ್ ಗೀಚಿದ್ರೆ ತಗೊಳ್ಳಲ್ಲ ಅಕ್ಕ. ಅಳಿಸಿಕೊಡಿ.” ರಬ್ಬರು ಕೊಟ್ಟಳು.

ಐದಕ್ಕೆ ಎಂಟು ನಿಮಿಷ. ಅವಳು ಎಡಗೈಯಿಂದ ಹಾಳೆ ಒತ್ತಿಹಿಡಿದು, ಹರಿಯದಂತೆ, ಒಂದೊಂದೇ ಅಕ್ಷರ ಅಳಿಸಿದಳು. ಪುಡಿಯನ್ನು ಊದದೆ ಅಂಗೈಗೆ ಗುಡಿಸಿಕೊಂಡಳು. ಪುಸ್ತಕ ಮುಚ್ಚಿ ಮೇಜಿನಾಚೆ ಕೊಟ್ಟಳು.